ಹನ್ನೆರಡು ಹೆಸರಿನ ಪಟ್ಟಿ: ಕಬಡ್ಡಿ ನಾಕೌಟ್‌ನಲ್ಲಿ ನನ್ನ ಅನುಭವ

ಕಳೆದ ವರ್ಷ ನಮ್ಮ ಹೈಸ್ಕೂಲು ಹುಡುಗರು ಕಬಡ್ಡಿಯಲ್ಲಿ ತಾಲ್ಲೂಕು ಗೆದ್ದು, ಜಿಲ್ಲೆಯನ್ನೂ ಗೆದ್ದು ವಿಭಾಗ ಮಟ್ಟಕ್ಕೆ ಹೋದರು. ಬಯಲುಸೀಮೆಯ ಸರ್ಕಾರಿ ಶಾಲೆ. ಒಟ್ಟು ಮಕ್ಕಳೇ 140ರ ಆಸುಪಾಸು. ಹಾಸ್ಟೆಲ್ ಇಲ್ಲ, ಮ್ಯಾಟ್ ಇಲ್ಲ. ಜಿಲ್ಲೆಯ ಫೈನಲ್ ಮುಗಿದ ಮೇಲೆ ನಾಲ್ಕೈದು ಜನ ಪಿಇ ಮೇಷ್ಟ್ರುಗಳು ಬಂದು "ಏನ್ ಸಾರ್ ಮಾಡಿದ್ರಿ?" ಅಂತ ಕೇಳಿದರು. ಅವರಲ್ಲಿ ಇಬ್ಬರು ಹಿಂದೆ "ಒಳ್ಳೇ ಏಳು ಜನ ಇದ್ರೆ ಸಾಕು ಸಾರ್, ಮಿಕ್ಕಿದ್ದು ಲೆಕ್ಕಕ್ಕೆ" ಅಂದಿದ್ದವರು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ಹನ್ನೆರಡು, ಕೋರ್ಟಿನಲ್ಲಿ ಏಳು. ಅದು ನಿಮಗೂ ಗೊತ್ತು. ಆದರೆ ಆ ಉಳಿದ ಐದು ಹೆಸರನ್ನು ನಾವು ಹೇಗೆ ತುಂಬುತ್ತೇವೆ ಹೇಳಿ? ಅಧ್ಯಕ್ಷರ ಮಗ ಒಬ್ಬ, ಕಾಡಿ ಬೇಡಿ ಬಂದವನು ಒಬ್ಬ, ಎತ್ತರ ಇದ್ದಾನೆ ಅಂತ ಒಬ್ಬ. ನಾನೂ ಹಾಗೇ ಮಾಡುತ್ತಿದ್ದೆ.

2022ರಲ್ಲಿ ನಾನು ಕರೆದುಕೊಂಡು ಹೋಗಿದ್ದು ಒಂಬತ್ತೇ ಹುಡುಗರನ್ನು. ಕಾರಣ ದುಡ್ಡು. ಬಸ್ ಚಾರ್ಜು, ತಿಂಡಿ, ಟೀ ಎಲ್ಲ ಸೇರಿ ತಲೆಗೆ 180 ರೂಪಾಯಿ ಬೀಳುತ್ತಿತ್ತು. ಮೂರು ಜನರನ್ನು ಬಿಟ್ಟರೆ ಐನೂರು ಚಿಲ್ಲರೆ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ಅದು ರಾಗಿ ಹೊಲದಲ್ಲಿ ಕಳೆ ತೆಗೆಯುವ ಕಾಲ ಬೇರೆ, ಮನೆಯವರೂ ಹುಡುಗರನ್ನು ಸುಲಭಕ್ಕೆ ಕಳಿಸುತ್ತಿರಲಿಲ್ಲ. ಎರಡನೇ ಪಂದ್ಯದಲ್ಲಿ ಒಬ್ಬನ ಪಾದ ಹೊರಳಿತು. ಮೂರನೆಯದರಲ್ಲಿ ಇಬ್ಬರಿಗೆ ಮೀನಖಂಡ ಹಿಡಿದುಕೊಂಡಿತು. ಸೆಮಿಫೈನಲ್‌ನ ಕೊನೆಯ ಎಂಟು ನಿಮಿಷ ಆರೇ ಜನ ಆಡಿದರು. ಹದಿನೈದು ಅಂಕದಿಂದ ಸೋತೆವು. ಐನೂರು ರೂಪಾಯಿ ಉಳಿಸಿ ಒಂದು ವರ್ಷದ ದುಡಿಮೆ ಕಳೆದುಕೊಂಡೆ.

2023ರಲ್ಲಿ ಹನ್ನೆರಡೂ ಜನರನ್ನು ಕರೆದುಕೊಂಡು ಹೋದೆ. ಆದರೆ ಬೆಂಚಿನಲ್ಲಿದ್ದ ನಾಲ್ವರು ಅಭ್ಯಾಸದಲ್ಲಿ ಸುಮ್ನೆ ಗುಂಪಿಗೆ ಸೇರಿದವರು. ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ಮುಖ್ಯ ರೈಡರ್, ಅಂದರೆ ಎದುರಿನವರ ಅಂಗಳಕ್ಕೆ ನುಗ್ಗಿ ಅಂಕ ತರುವವನು, ದಣಿದಿದ್ದ, ಮೂರು ರೈಡಿನಲ್ಲಿ ಎರಡು ಸಲ ಸಿಕ್ಕಿಬಿದ್ದ. ನಾನು ಟೈಮ್‌ಔಟ್ ಕೇಳಿ ಹುಡುಗನನ್ನು ಬದಲಿಸಲು ಹೋದೆ. ರೆಫರಿ ಬೇಡ ಅಂದರು. ಔಟ್ ಆಗಿ ಹೊರಗೆ ಕೂತವನ ಜಾಗಕ್ಕೆ ಬೇರೆಯವನನ್ನು ಇಳಿಸುವಂತಿಲ್ಲ, ಒಳಗೆ ನಿಂತಿರುವವನನ್ನು ಮಾತ್ರ ಬದಲಿಸಬಹುದು. ನಿಯಮ ನನಗೂ ಗೊತ್ತಿತ್ತು. ಆ ಗದ್ದಲದಲ್ಲಿ ತಲೆಗೆ ಬರಲಿಲ್ಲ. ಒಂದು ಅರ್ಧಕ್ಕೆ ಸಿಗುವುದೇ ಎರಡು ಟೈಮ್‌ಔಟ್, ಮೂವತ್ತು ಮೂವತ್ತು ಸೆಕೆಂಡಿನದು. ಅದರಲ್ಲಿ ಒಂದು ಹಾಳಾಯಿತು, ಪಂದ್ಯವೂ ಹೋಯಿತು.

ಆ ರಾತ್ರಿ ಬಸ್ಸಿನಲ್ಲಿ ಬರುತ್ತಾ ನನಗೆ ಹೊಳೆದದ್ದು ಇಷ್ಟೇ. ದಣಿದ ಮೇಲೆ ಬದಲಿಸಿದರೆ ತಡವಾಗಿರುತ್ತದೆ. ಅವನು ಇನ್ನೂ ಒಳಗಿರುವಾಗ, ಚೆನ್ನಾಗಿ ಆಡುತ್ತಿರುವಾಗಲೇ ತೆಗೆಯಬೇಕು. ತೆಗೆಯಬೇಕು ಅಂದರೆ ಬೆಂಚಿನಲ್ಲಿ ಕೂತವನಿಗೆ ಒಂದು ಕೆಲಸ ಗೊತ್ತಿರಬೇಕು. ಹತ್ತು ಕೆಲಸ ಬೇಡ, ಒಂದೇ ಒಂದು.

ನಮ್ಮ ಹುಡುಗರಿಗೆಲ್ಲ ಪವನ್ ಸೆಹ್ರಾವತ್ ಅಂದರೆ ಪ್ರಾಣ. ಪ್ರೊ ಕಬಡ್ಡಿ ಆರನೇ ಸೀಸನ್ನಿನ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38-33ರಲ್ಲಿ ಗುಜರಾತನ್ನು ಸೋಲಿಸಿದಾಗ ಅವನೊಬ್ಬನೇ 22 ಅಂಕ ತಂದಿದ್ದ. ಆ ವಿಡಿಯೊ ನೋಡಿ ನಾವೂ ಒಬ್ಬ ರೈಡರ್ ಮೇಲೆ ಭಾರ ಹಾಕಿಬಿಡುತ್ತೇವೆ. ಆದರೆ ಅವನು ಒಂದೇ ದಿನ ನಾಲ್ಕು ಪಂದ್ಯ ಆಡಿರಲಿಲ್ಲ, ಅಲ್ವಾ? ನಮ್ಮ ಮಕ್ಕಳಿಗೆ ಬೆಳಿಗ್ಗೆ ಹತ್ತಕ್ಕೆ ಮೊದಲ ಪಂದ್ಯ, ಸಂಜೆ ಐದೂವರೆಗೆ ಫೈನಲ್.

ಹಾಗಾಗಿ ಐದು ಜಾಗವನ್ನು ಹೀಗೆ ತುಂಬಿದೆ. ಒಬ್ಬ ಬೋನಸ್ ಹುಡುಗ. ಎದುರಿನವರು ಆರೋ ಏಳೋ ಜನ ನಿಂತಿರುವಾಗ ಮಾತ್ರ ಬೋನಸ್ ಗೆರೆಗೆ ಬೆಲೆ, ರೈಡರ್ ಅದನ್ನು ದಾಟಿದರೆ ಹೆಚ್ಚಿನ ಒಂದು ಅಂಕ. ಆ ಹೊತ್ತಿಗೆ ಮಾತ್ರ ಇವನ ಕೆಲಸ. ಒಂಬತ್ತನೇ ಕ್ಲಾಸಿನ ಕಡ್ಡಿಯಂಥ ಹುಡುಗ, ಕಾಲು ಮಾತ್ರ ಉದ್ದ. ಮುಂದಿನ ಕಾಲು ಗೆರೆ ದಾಟುವಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು, ಇವನದು ಬಿಡುತ್ತಿರಲಿಲ್ಲ. ಬಿಸಿಯೂಟದ ಅಡುಗೆಮನೆ ಹಿಂದಿನಿಂದ ಒಲೆಬೂದಿ ತಂದು ಗೆರೆಯ ಈಚೆ ತೆಳ್ಳಗೆ ಹರಡಿದೆ. ಪಾದ ಒರೆಸಿಕೊಂಡು ಹೋದರೆ ಬೂದಿಯಲ್ಲಿ ಗೀರು. ಮೊದಲ ದಿನ ಇಪ್ಪತ್ತು ಸಲಕ್ಕೆ ಹದಿನೇಳು ಗೀರು. ಒಂದೂವರೆ ತಿಂಗಳಿಗೆ ಎರಡೋ ಮೂರೋ. ಯಾವ ಕೋಚಿಂಗ್ ಕ್ಯಾಂಪಿನಲ್ಲೂ ನಾನು ಇದನ್ನು ನೋಡಿಲ್ಲ, ನನ್ನದೇ ಉಪಾಯ.

ಇನ್ನೊಬ್ಬ ಎದುರಿನ ರೈಡರ್‌ನ ಆ್ಯಂಕಲ್, ಅಂದರೆ ಕಣಕಾಲು, ಹಿಡಿಯುವವನು. ನಮ್ಮವರು ಮೂರೇ ಜನ ಉಳಿದಾಗ ಟೈಮ್‌ಔಟ್ ಕೇಳಿ, ಉಳಿದ ಮೂವರಲ್ಲಿ ಒಬ್ಬನನ್ನು ತೆಗೆದು ಇವನನ್ನು ಇಳಿಸುವುದು. ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಮೂರನೆಯವನು ಎಡಗಡೆಯಿಂದ ನುಗ್ಗುವ ರೈಡರ್, ಮುಖ್ಯ ರೈಡರ್ ಕೂತಾಗ ಆಡಲಿಕ್ಕೆ. ನಾಲ್ಕನೆಯವನು ಎರಡೂ ಕವರ್‌ಗೆ, ಅಂದರೆ ರೈಡರ್‌ನನ್ನು ತಡೆಯುವ ಸಾಲಿನ ಒಳಗಿನ ಎರಡೂ ಜಾಗಕ್ಕೆ, ಆಗುವವನು. ಹನ್ನೆರಡನೇ ಹುಡುಗನನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

2024ರಲ್ಲಿ ಇದೇ ಕ್ರಮದಲ್ಲಿ ತಾಲ್ಲೂಕು ಗೆದ್ದೆವು. ಜಿಲ್ಲೆಯಲ್ಲಿ ಎರಡು ಏಟು ಬಿತ್ತು. ಮೊದಲನೆಯದು ತೂಕ. ನಮ್ಮ ಕವರ್ ಹುಡುಗ ಮಿತಿಗಿಂತ ಸುಮಾರು 600 ಗ್ರಾಂ ಜಾಸ್ತಿ ಬಂದ. ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಓಡಿಸಿ, ನೀರು ಕೊಡಬೇಡಿ ಅಂತ ಪಕ್ಕದವರು ಹೇಳಿದರು. ನಾನು ಓಡಿಸಲಿಲ್ಲ. ಬೆಳೆಯುವ ಹುಡುಗನಿಗೆ ಹಾಗೆ ಮಾಡಬಾರದು. ಹೆಸರು ಹೊಡೆದು ಹಾಕಿದರು, ಬದಲಿಗೆ ಬೇರೆ ಹೆಸರು ಸೇರಿಸಲು ಬಿಡಲಿಲ್ಲ. ಹನ್ನೊಂದೇ ಜನ ಆದೆವು. ಈಗ ಜೂನ್‌ನಿಂದಲೇ ಪ್ರತಿ ಶನಿವಾರ ಊರಿನ ನ್ಯಾಯಬೆಲೆ ಅಂಗಡಿಯ ಅಕ್ಕಿ ತೂಗುವ ಯಂತ್ರದ ಮೇಲೆ ಎಲ್ಲರನ್ನೂ ನಿಲ್ಲಿಸುತ್ತೇನೆ. ಮಿತಿಗೆ ಒಂದು ಕಿಲೊ ಹತ್ತಿರ ಇರುವವನನ್ನು ಪಟ್ಟಿಗೇ ಹಾಕುವುದಿಲ್ಲ, ಎಷ್ಟೇ ಚೆನ್ನಾಗಿ ಆಡಲಿ.

ಎರಡನೆಯದು ಶೂ. ಅಲ್ಲಿ ಮ್ಯಾಟ್ ಹಾಸಿದ್ದರು. ನಮ್ಮ ಹತ್ತಿರ ಇದ್ದದ್ದು ಏಳೇ ಜೊತೆ ಮ್ಯಾಟ್ ಶೂ. ಬದಲಿ ಹುಡುಗ ಇಳಿಯಬೇಕಾದರೆ ಹೊರಗೆ ಬಂದವನು ಬಿಚ್ಚಿಕೊಡಬೇಕು. ಬೆವರಿಗೆ ಲೇಸು ಬಿಗಿದುಕೊಂಡಿತ್ತು. ಒಬ್ಬ ಬಿಚ್ಚುತ್ತಾನೆ, ಇನ್ನೊಬ್ಬ ತುರುಕುತ್ತಾನೆ, ಅಷ್ಟರಲ್ಲಿ ಸೀಟಿ. ಒಂದು ಕಾಲಿಗೆ ಶೂ ಇಲ್ಲದೆ ಇಳಿದ ಹುಡುಗ ಜಾರಿ ಬಿದ್ದ. ಸೆಮಿಯಲ್ಲಿ ನಾಲ್ಕು ಅಂಕದಲ್ಲಿ ಸೋತೆವು.

ಮಾರನೇ ವರ್ಷ ದುಡ್ಡಿಗೆ ಓಡಾಡಿದೆ. ಐದು ಜೊತೆ ಶೂ ಸುಮಾರು 4,500, ಹನ್ನೆರಡು ಜೆರ್ಸಿ 3,000, ಮೊಣಕಾಲು ಕ್ಯಾಪ್ ಒಂದೂವರೆ ಸಾವಿರ. ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಗಳು ಸೇರಿ ಐದು ಸಾವಿರ ಕಳಿಸಿದರು. ಶಾಲೆಯ ಎಸ್‌ಡಿಎಂಸಿ ಸಮಿತಿಯವರು ಎರಡು ಸಾವಿರ ಕೊಟ್ಟರು. ಉಳಿದದ್ದು ನನ್ನ ಸಂಬಳದ್ದು. ಮನೆಯವಳಿಗೆ ಹೇಳಿಯೇ ಹಾಕಿದೆ.

ಊಟದಲ್ಲೂ ಒಂದು ಪ್ರಯೋಗ ಮಾಡಿದೆ. ಕೂಟದಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಸಾಂಬಾರು ಉಂಡರೆ ಮೂರನೇ ಪಂದ್ಯದಲ್ಲಿ ಹುಡುಗರ ಕಾಲು ಏಳುವುದಿಲ್ಲ. ಗ್ಲುಕೋಸ್ ನೀರು ಕೊಟ್ಟು ನೋಡಿದೆ, ಇಬ್ಬರಿಗೆ ಹೊಟ್ಟೆ ತೊಳಸಿತು. ಕೊನೆಗೆ ನಿಂತದ್ದು ರಾಗಿ ಗಂಜಿಗೆ ಮಜ್ಜಿಗೆ, ಉಪ್ಪು. ಮನೆಯಿಂದಲೇ ಎರಡು ಕ್ಯಾನು ತರುತ್ತೇವೆ. ಊಟ ಅರ್ಧ ಮಾತ್ರ.

2025ರ ತಾಲ್ಲೂಕು ಕೂಟ. ಎರಡನೇ ಪಂದ್ಯದಲ್ಲಿ ಹನ್ನೊಂದು ಅಂಕ ಮುಂದಿದ್ದೆವು. ಮುಖ್ಯ ರೈಡರನ್ನು ಒಳಗಿರುವಾಗಲೇ ತೆಗೆದು ಕೂರಿಸಿದೆ. ನೋಡನೋಡುತ್ತಾ ಅಂತರ ನಾಲ್ಕಕ್ಕೆ ಇಳಿಯಿತು. ನಮ್ಮ ಊರಿನವರೇ ಹಗ್ಗದಾಚೆಯಿಂದ "ಮೇಷ್ಟ್ರೇ, ಅವನನ್ನ ಇಳಿಸ್ರೀ!" ಅಂತ ಕೂಗಾಡಿದರು. ಎಚ್‌ಎಂ ಸಾಹೇಬರು ಹತ್ತಿರ ಬಂದು ನಿಂತರು, ಏನೂ ಹೇಳಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ರೈಡರ್ ನನ್ನ ಪಕ್ಕ ಕೂತು ಮಂಡಿ ಕುಣಿಸುತ್ತಿದ್ದ. "ಸಾರ್, ಒಂದೇ ರೈಡು" ಅಂದ. ಅವನ ತೊಡೆ ಮೇಲೆ ಕೈ ಇಟ್ಟೆ, ಸ್ನಾಯು ಇನ್ನೂ ಅದುರುತ್ತಿತ್ತು. ಕೂತ್ಕೋ ಅಂದೆ. ಮೂರು ಅಂಕದಲ್ಲಿ ಗೆದ್ದೆವು. ಫೈನಲ್‌ನಲ್ಲಿ ಅದೇ ಹುಡುಗ ಕೊನೆಯ ಐದು ನಿಮಿಷದಲ್ಲಿ ಒಂಬತ್ತು ಅಂಕ ತಂದ. ಎದುರಿನವರ ಏಳು ಜನ ಬೆಳಿಗ್ಗೆಯಿಂದ ಬದಲಾಗಿರಲಿಲ್ಲ, ಎಲ್ಲರೂ ಔಟ್ ಆಗಿ ಲೋನಾ ಆದಾಗ ಮತ್ತೆ ಎದ್ದು ಒಳಗೆ ಬರಲೂ ಅವರಿಗೆ ಕಷ್ಟವಾಗುತ್ತಿತ್ತು.

ಹದಿಮೂರನೇ ಹುಡುಗನ ಬಗ್ಗೆ ಹೇಳಲೇಬೇಕು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಹೇಳುವಾಗ ನನಗೆ ಪ್ರತಿ ವರ್ಷ ಸಂಕಟ. ಆ ವರ್ಷ ಬಿಟ್ಟುಹೋದವನು ಕಾಂಪೌಂಡ್ ಪಕ್ಕ ನಿಂತು ಅತ್ತ. ಅವನ ಕೈಗೆ ನೂರು ಪುಟದ ನೋಟ್‌ಬುಕ್ ಕೊಟ್ಟು ಜೊತೆಗೆ ಕರೆದುಕೊಂಡು ಹೋದೆ, ಚಾರ್ಜು ನಾನೇ ಹಾಕಿದೆ. ಬೇರೆ ತಂಡಗಳು ಆಡುವಾಗ ಯಾವ ರೈಡರ್ ಯಾವ ಕಡೆಯಿಂದ ನುಗ್ಗುತ್ತಾನೆ, ಎಷ್ಟು ಸಲ, ಎಲ್ಲ ಗೀಟು ಹಾಕಿ ಬರೆದ. ಜಿಲ್ಲೆಯ ಫೈನಲ್‌ನಲ್ಲಿ ಎದುರಿನ ರೈಡರ್ ಹತ್ತರಲ್ಲಿ ಎಂಟು ಸಲ ನಮ್ಮ ಬಲ ಕಾರ್ನರ್‌ಗೆ, ಅಂದರೆ ಬಲತುದಿಯ ಜಾಗಕ್ಕೆ, ಬರುತ್ತಾನೆ ಅಂತ ಅವನ ಪುಸ್ತಕದಲ್ಲೇ ಇತ್ತು. ಆ್ಯಂಕಲ್ ಹುಡುಗನನ್ನು ಅಲ್ಲಿಗೇ ನಿಲ್ಲಿಸಿದೆ. ಎರಡು ಸೂಪರ್ ಟ್ಯಾಕಲ್ ಬಂತು.

ವಿಭಾಗದಲ್ಲಿ ಎರಡನೇ ಪಂದ್ಯಕ್ಕೇ ಸೋತೆವು, ಐದು ಅಂಕದಲ್ಲಿ. ಅಲ್ಲಿ ಬರುವವರು ದಿನವೂ ಮ್ಯಾಟ್ ಮೇಲೆ ಆಡುವವರು, ನಮ್ಮವರ ಹಿಡಿತ ಮಣ್ಣಿನದು. ಅದಕ್ಕೆ ಈ ಸಲ ಹಳೇ ರಬ್ಬರ್ ಹಾಸು ಎಲ್ಲಾದರೂ ಸಿಗುತ್ತದಾ ಅಂತ ಹುಡುಕುತ್ತಿದ್ದೇನೆ. ಎಂಟು ತುಂಡು ಸಿಕ್ಕರೂ ಕಾರ್ನರ್ ಅಭ್ಯಾಸಕ್ಕೆ ಸಾಕು.

ನೋಟ್‌ಬುಕ್ ಹುಡುಗ ಈಗ ಹತ್ತನೇ ಕ್ಲಾಸು, ಈ ವರ್ಷ ಪಟ್ಟಿಯಲ್ಲಿದ್ದಾನೆ. ಪುಸ್ತಕ ಎಂಟನೇ ಕ್ಲಾಸಿನ ಇನ್ನೊಬ್ಬನ ಕೈಗೆ ಹೋಗಿದೆ. ನೋಡಬೇಕು ಅನ್ನುವ ಮೇಷ್ಟ್ರುಗಳು ಕೂಟದಲ್ಲಿ ಸಿಕ್ಕಾಗ ಕೇಳಿ, ತೋರಿಸುತ್ತೇನೆ. ಹನ್ನೆರಡನೇ ಹೆಸರಿನ ಗುಟ್ಟು ಮಾತ್ರ ಕೇಳಬೇಡಿ.