ಐಸೆನಾಖ್: ಮೊದಲು ಕೋಟೆ, ಆಮೇಲೆ ಊರು

ಫ್ರಾಂಕ್‌ಫರ್ಟ್‌ನಿಂದ ಐಸಿಇ ಎಂಬ ವೇಗದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಜರ್ಮನಿಯ ಐಸೆನಾಖ್. ಡಾಯ್ಚ್‌ಲಾಂಡ್ ಟಿಕೆಟ್ (ಪ್ರಾದೇಶಿಕ ರೈಲು, ಬಸ್ಸುಗಳ ತಿಂಗಳ ಪಾಸ್) ಐಸಿಇಯಲ್ಲಿ ನಡೆಯುವುದಿಲ್ಲ. ಅದನ್ನು ನಂಬಿ ಹೊರಟವರು ಪ್ರಾದೇಶಿಕ ರೈಲುಗಳನ್ನು ಬದಲಿಸುತ್ತಾ ಬರಬೇಕು, ಅರ್ಧ ದಿನ ಅದಕ್ಕೇ ಹೋಗುತ್ತದೆ.

ಇಳಿದ ಕೂಡಲೇ ಊರು ಸುತ್ತಲು ಹೊರಡಬಾರದು ಎಂಬುದು ನನ್ನ ಲೆಕ್ಕ. ವಾರ್ಟ್‌ಬುರ್ಗ್ ಕೋಟೆ ಇರುವುದು 411 ಮೀಟರ್ ಎತ್ತರದಲ್ಲಿ, ಊರಿಗಿಂತ ಸುಮಾರು 200 ಮೀಟರ್ ಮೇಲೆ. ಊರು ಸುತ್ತಿ ಸುಸ್ತಾದ ಕಾಲಿಗೆ ಕಾಡಿನ ಆ ಏರು ಬೇಡ. ಬೆಳಿಗ್ಗೆಯೇ ಬಸ್ಸಿನಲ್ಲಿ ಹತ್ತಿ, ನಡೆದು ಇಳಿಯುತ್ತೇನೆ. ಬಸ್ಸು ಪದೇ ಪದೇ ಇರುವುದಿಲ್ಲ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ಅದು ಕೋಟೆ ಬಾಗಿಲವರೆಗೂ ಹೋಗುವುದಿಲ್ಲ. ಕೊನೆಯ ಕಡಿದಾದ ದಾರಿ, ಮೆಟ್ಟಿಲು ನಡೆದೇ ಹತ್ತಬೇಕು. ಮಂಡಿನೋವಿನವರನ್ನು ಕರೆದೊಯ್ಯುವ ಮುನ್ನ ಇದು ಗೊತ್ತಿರಲಿ.

ಅಂಗಳಕ್ಕೆ ಟಿಕೆಟ್ ಇಲ್ಲ, ಅರಮನೆ ಮತ್ತು ಮ್ಯೂಸಿಯಂಗೆ ಬೇಕು. ಅರಮನೆಯ ಕೆಳಗಿನ ಅಂತಸ್ತುಗಳ ಕಲ್ಲುಕೆಲಸ 12ನೇ ಶತಮಾನದ್ದು. ಆದರೆ ಚಿನ್ನದಂತೆ ಥಳಥಳಿಸುವ ಎಲಿಸಬೆತ್ ಕೋಣೆಯ ಮೊಸಾಯಿಕ್ 1900ರ ನಂತರದ್ದು. ದೊಡ್ಡ ಗೋಪುರವೂ 19ನೇ ಶತಮಾನದ್ದೇ. ಇದು ತಿಳಿಯದೆ ಎಲ್ಲವನ್ನೂ ಮಧ್ಯಯುಗದ ಲೆಕ್ಕಕ್ಕೆ ಬರೆದುಕೊಂಡು ಬರುವವರೇ ಹೆಚ್ಚು. ಮೇಲಿನ ಉತ್ಸವ ಸಭಾಂಗಣ ಕಂಡರೆ ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಅರಮನೆ ನೋಡಿದವರಿಗೆ ಗುರುತು ಸಿಗುತ್ತದೆ: ಅದನ್ನು ಕಟ್ಟಿಸಿದ ರಾಜ ಎರಡನೇ ಲುಡ್ವಿಗ್ ಅಲ್ಲಿನ ಗಾಯಕರ ಸಭಾಂಗಣಕ್ಕೆ ಮಾದರಿ ಹಿಡಿದದ್ದು ಇಲ್ಲಿಂದಲೇ.

ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಇದ್ದ ಕೋಣೆ ಸಣ್ಣದು. ಗುಂಪು ಬಂದರೆ ಬಾಗಿಲಲ್ಲೇ ನಿಲ್ಲಬೇಕು. ಬೇಗ ಹತ್ತಲು ಮುಖ್ಯ ಕಾರಣ ಇದು. 1521ರ ಮೇಯಿಂದ 1522ರ ಮಾರ್ಚ್‌ವರೆಗೆ ಯುಂಕರ್ ಯೋರ್ಗ್ ಎಂಬ ಸುಳ್ಳು ಹೆಸರಿನಲ್ಲಿ ಅಡಗಿದ್ದಾಗ ಅವರು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದದ್ದು ಇಲ್ಲೇ. ಅವರು ದೆವ್ವದತ್ತ ಮಸಿಕುಡಿಕೆ ಎಸೆದರೆಂಬ ಕಥೆಯ ಮಸಿ ಕಲೆಯನ್ನು ಗೋಡೆಯಲ್ಲಿ ಹುಡುಕಬೇಡಿ. ಹಿಂದಿನ ಪ್ರವಾಸಿಗರು ಆ ಗಾರೆಯನ್ನು ಕೆರೆದು ಕೆರೆದು ಒಯ್ದಿದ್ದಾರೆ.

ಇಳಿಯಲು ಮುಕ್ಕಾಲು ಗಂಟೆ ಇಟ್ಟುಕೊಳ್ಳುತ್ತೇನೆ. ಮಳೆ ಬಂದಿದ್ದರೆ ಒದ್ದೆ ಎಲೆ ಜಾರುತ್ತದೆ, ಹಿಡಿತವಿರುವ ಶೂ ಬೇಕು. ಕೆಳಗೆ ಊರಲ್ಲಿ ಸಂಗೀತ ಸಂಯೋಜಕ ಬಾಖ್ ಅವರ ಮ್ಯೂಸಿಯಂ ಬಾಖ್‌ಹೌಸ್‌ಗೆ ಕನಿಷ್ಠ ಒಂದೂವರೆ ಗಂಟೆ ಕೊಡಿ: ಹಳೆಯ ಕೀಬೋರ್ಡ್ ವಾದ್ಯಗಳ ಪುಟ್ಟ ಕಛೇರಿ ಟಿಕೆಟ್‌ನಲ್ಲೇ ಸೇರಿದೆ, ಅದು ಶುರುವಾಗುವ ಹೊತ್ತನ್ನು ಕೌಂಟರ್‌ನಲ್ಲೇ ಕೇಳಿಕೊಳ್ಳಿ. ಬಾಖ್ ಹುಟ್ಟಿದ್ದು ಈ ಮನೆಯಲ್ಲಲ್ಲ. 1685ರಲ್ಲಿ ಅವರಿಗೆ ದೀಕ್ಷಾಸ್ನಾನವಾದ ಕಲ್ಲಿನ ತೊಟ್ಟಿ ಮಾತ್ರ ಚೌಕದ ಗೆಯೋರ್ಗ್ ಚರ್ಚ್‌ನಲ್ಲಿ ಇಂದಿಗೂ ಇದೆ. ಭಾನುವಾರ ಹೋಗುವುದಾದರೆ ಬುತ್ತಿ, ನೀರು ಜೊತೆಗಿರಲಿ. ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ.