ದಾಕ್ಷಿಣ್ಯದ ‘ಹೌದು’: ಕರೆನ್ ನಿರಾಶ್ರಿತರ ಶುಶ್ರೂಷೆಗೆ ಸಿಬ್ಬಂದಿಯನ್ನು ಸಿದ್ಧಗೊಳಿಸಿದ ನನ್ನ ಅನುಭವ

ಆ ಹಿರಿಯರು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಎರಡು ಮಾತ್ರೆ ಡಬ್ಬಿಗಳನ್ನು. ಮೊದಲನೆಯದರಲ್ಲಿ ಆರೇಳು ಮಾತ್ರೆಗಳಷ್ಟೇ ಖರ್ಚಾಗಿದ್ದವು, ಎರಡನೆಯದರ ಮುಚ್ಚಳವನ್ನು ಅವರು ತೆರೆದೇ ಇರಲಿಲ್ಲ. ದೇಹದಲ್ಲಿ ಸುಪ್ತವಾಗಿದ್ದ ಕ್ಷಯದ ಸೋಂಕಿಗೆ ನಾಲ್ಕು ತಿಂಗಳು ರಿಫಾಂಪಿಸಿನ್ ಸೇವಿಸಬೇಕಾಗಿದ್ದ ಅವರು, ‘ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳಿದಾಗಲೆಲ್ಲ ನಗುನಗುತ್ತಲೇ ‘ಹೌದು’ ಎಂದಿದ್ದರು. ಅವರು ಬರ್ಮಾದ, ಅಂದರೆ ಇಂದಿನ ಮ್ಯಾನ್ಮಾರಿನ, ಕರೆನ್ ಜನಾಂಗದವರು. ಆ ದಿನ ಮೊದಲ ಬಾರಿಗೆ ಅವರದೇ ಭಾಷೆಯಾದ ಸ್ಗಾ ಕರೆನ್ ಬಲ್ಲ ದುಭಾಷಿಯೊಬ್ಬರು ಬಂದಿದ್ದರಿಂದ ನಿಜಸಂಗತಿ ಹೊರಬಿತ್ತು: ಮಾತ್ರೆ ಆರಂಭಿಸಿದ ಮೂರನೆಯ ದಿನ ಮೂತ್ರ ಕೆಂಪಗಾದದ್ದನ್ನು ಕಂಡು, ರಕ್ತ ಹೋಗುತ್ತಿದೆಯೆಂದು ಹೆದರಿ ಅವರು ಅದನ್ನು ನಿಲ್ಲಿಸಿದ್ದರು. ರಿಫಾಂಪಿಸಿನ್‌ನಿಂದ ಮೂತ್ರ, ಬೆವರು, ಕಣ್ಣೀರಿಗೆ ಕೂಡ ಕೆಂಪು-ಕಿತ್ತಳೆ ಬಣ್ಣ ಬರುತ್ತದೆ ಮತ್ತು ಅದರಿಂದ ಅಪಾಯವಿಲ್ಲ ಎಂದು ನಾನೇ ಅವರಿಗೆ ವಿವರಿಸಿದ್ದೆ. ಆದರೆ ಕಡತದಲ್ಲಿ ‘ಬರ್ಮಾ’ ಎಂದಿದ್ದುದನ್ನು ನೋಡಿ ಬರ್ಮೀ ಭಾಷೆಯ ದುಭಾಷಿಯನ್ನು ಫೋನಿನಲ್ಲಿ ಕರೆಸಿಕೊಂಡಿದ್ದವಳೂ ನಾನೇ. ಅವರ ಹಳ್ಳಿಗೆ ನುಗ್ಗಿದ ಬರ್ಮಾ ಸೈನಿಕರು ಆಡುತ್ತಿದ್ದ ಭಾಷೆಯದು. ಅದು ಅವರಿಗೆ ಅರ್ಧಂಬರ್ಧ ಮಾತ್ರ ತಿಳಿಯುತ್ತಿತ್ತು, ಕಿವಿಗೆ ಬಿದ್ದರೆ ಮನಸ್ಸು ಮುದುಡುತ್ತಿತ್ತು.

ಮಲೆನಾಡಿನಲ್ಲಿ ಹುಟ್ಟಿ, ಕರ್ನಾಟಕದಲ್ಲಿ ನರ್ಸಿಂಗ್ ಓದಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರಕ್ಕೆ ಬಂದು ನೆಲೆಸಿದವಳು ನಾನು. ಅಮೆರಿಕದಲ್ಲಿ ಕರೆನ್ ಜನ ಅತಿ ಹೆಚ್ಚು ಸಂಖ್ಯೆಯಲ್ಲಿ ನೆಲೆಸಿರುವ ಊರುಗಳಲ್ಲಿ ಇದೂ ಒಂದು. ಬರ್ಮಾ ಸೇನೆಯ ದಾಳಿಗಳಿಂದ ತಪ್ಪಿಸಿಕೊಂಡು 1984ರಿಂದೀಚೆಗೆ ಥಾಯ್ಲೆಂಡಿನ ಗಡಿ ದಾಟಿದ ಈ ಜನರಲ್ಲಿ ಅನೇಕರು ಮೇ ಲಾದಂತಹ ಶಿಬಿರಗಳಲ್ಲಿ ಹತ್ತಿಪ್ಪತ್ತು ವರ್ಷ ಬಿದಿರಿನ ಮನೆಗಳಲ್ಲಿ ಬದುಕಿದವರು. 2005ರ ನಂತರ ಅವರನ್ನು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಕರೆತರಲಾಯಿತು. ಆ ಡಬ್ಬಿಗಳ ಪ್ರಸಂಗವಾದ ಮೇಲೆ ನಮ್ಮ ಕ್ಲಿನಿಕ್ಕಿನ ದಾದಿಯರಿಗೂ ಸ್ವಾಗತ ಕೌಂಟರಿನ ಸಿಬ್ಬಂದಿಗೂ ತರಬೇತಿ ಕೊಡುವ ಹೊಣೆಯನ್ನು ನಾನೇ ಕೇಳಿ ವಹಿಸಿಕೊಂಡೆ.

ಮೊದಲ ತರಬೇತಿ ಸೋತಿತು. ‘ತಲೆ ಮುಟ್ಟಬಾರದು, ಪಾದವನ್ನು ಅವರ ಕಡೆಗೆ ಚಾಚಬಾರದು, ಎರಡು ಕೈಯಿಂದ ಕೊಡಬೇಕು’ ಎಂಬ ಪಟ್ಟಿಯೊಂದನ್ನು ಪರದೆಯ ಮೇಲೆ ತೋರಿಸಿದೆ, ಎಲ್ಲರೂ ಬರೆದುಕೊಂಡರು. ಎರಡು ವಾರದ ಬಳಿಕ ಎಳೆಯ ದಾದಿಯೊಬ್ಬಳು, ಜ್ವರ ಬಂದ ಹಸುಗೂಸಿನ ನೆತ್ತಿಯನ್ನು ಮುಟ್ಟಿ ನೋಡದೆ ಬಿಟ್ಟದ್ದಾಗಿ ನನಗೆ ತಿಳಿಸಿದಳು. ಅವಳ ಮಟ್ಟಿಗೆ ಅದು ಗೌರವವಾಗಿತ್ತು. ನೀರು ಕಡಿಮೆಯಾದ ಮಗುವಿನ ನೆತ್ತಿ ಕುಳಿಬೀಳುತ್ತದೆಂಬುದನ್ನು ಕಲಿತವಳನ್ನು ನನ್ನ ಪಟ್ಟಿ ಕುರುಡಾಗಿಸಿತ್ತು. ತಾಯಿಯನ್ನು ‘ಮುಟ್ಟಿ ನೋಡಲೇ?’ ಎಂದು ಕೇಳಿದ್ದರೆ ಆಕೆ ಖಂಡಿತ ಒಪ್ಪುತ್ತಿದ್ದಳು. ಮೆಲನಿ ಟರ್ವಲಾನ್ ಮತ್ತು ಜಾನ್ ಮರ‍್ರೆ-ಗಾರ್ಸಿಯಾ ಎಂಬ ವೈದ್ಯರಿಬ್ಬರು 1998ರಲ್ಲಿ ಮುಂದಿಟ್ಟ ‘ಸಾಂಸ್ಕೃತಿಕ ವಿನಯ’ದ, ಅಂದರೆ ರೋಗಿಯ ಸಂಸ್ಕೃತಿಯನ್ನು ಬಲ್ಲೆವೆಂದುಕೊಳ್ಳದೆ ಅವರಿಂದಲೇ ಕಲಿಯುತ್ತಿರಬೇಕೆಂಬ, ವಿಚಾರವನ್ನು ನಾನು ಓದಿಕೊಂಡಿದ್ದೆನಾದರೂ, ಇನ್ನೊಬ್ಬರ ಸಂಸ್ಕೃತಿಯನ್ನು ಕರಗತ ಮಾಡಿಕೊಂಡೆವೆಂಬ ಭಾವನೆಯೇ ಹೇಗೆ ಅಡ್ಡಿಯಾಗುತ್ತದೆಂಬುದು ನನಗೆ ಅರಿವಾದದ್ದು ಆ ಮಗುವಿನಿಂದ.

ಎರಡನೆಯ ತಂಡದ ತರಬೇತಿಯನ್ನು ನಾನು ಕನ್ನಡದಲ್ಲಿ ಆರಂಭಿಸಿದೆ. ಬಾಗಿಲಲ್ಲಿ ನಿಂತು, ಒಂದಕ್ಷರ ಇಂಗ್ಲಿಷನ್ನೂ ಬಳಸದೆ, ಒಬ್ಬೊಬ್ಬರನ್ನೂ ‘ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಮೈ ಉಷ್ಣವಾಗಿದೆಯೇ’ ಎಂದು ವಿಚಾರಿಸಿ, ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರವನ್ನು ಕೈಗಿಟ್ಟು, ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಸಹಿ ಹಾಕಿದರು. ಎಲ್ಲರೂ ಕುಳಿತ ಮೇಲೆ ನಾನು ಇಂಗ್ಲಿಷಿನಲ್ಲಿ, ಅವರು ಪಿತ್ತಕೋಶ ತೆಗೆಸಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದಾರೆಂದು ತಿಳಿಸಿದಾಗ ಕೋಣೆ ಸ್ತಬ್ಧವಾಯಿತು. ಏಕೆ ಸಹಿ ಮಾಡಿದಿರೆಂದು ಕೇಳಿದ್ದಕ್ಕೆ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ದಾದಿಯೊಬ್ಬರು, ‘ನೀವು ಕಾಯುತ್ತಿದ್ದಿರಿ, ಹಿಂದೆ ಸಾಲು ನಿಂತಿತ್ತು, ಆಗ ತಿಳಿಯಲಿಲ್ಲವೆನ್ನಲು ಮುಜುಗರವಾಯಿತು’ ಎಂದರು.

ಈ ಮುಜುಗರಕ್ಕೆ ಬರ್ಮೀ ಭಾಷೆಯಲ್ಲಿ ‘ಆ ನಾ ದೆ’ ಎಂಬ ಮಾತಿದೆ. ಎದುರಿನವರಿಗೆ ತೊಂದರೆಯಾದೀತು, ಅವರ ಮುಖಕ್ಕೆ ಭಂಗವಾದೀತು ಎಂದು ಬೇಡವೆನ್ನಲಾಗದೆ ಹಿಂಜರಿಯುವ ಸ್ವಭಾವವದು, ಕರೆನ್ನರಲ್ಲೂ ಅದು ಗಾಢವಾಗಿದೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ನಾನು ಬಹಳ ಹೆಣಗಬೇಕಾಯಿತು. ಕನ್ನಡದವರಿಗಾದರೆ ‘ದಾಕ್ಷಿಣ್ಯ’ ಎಂದರೆ ಸಾಕು. ಆ ಹಿರಿಯರ ‘ಹೌದು’ ಸುಳ್ಳಾಗಿರಲಿಲ್ಲ, ದಾಕ್ಷಿಣ್ಯವಾಗಿತ್ತು. ಹೌದು-ಇಲ್ಲವೆಂದು ಮುಗಿಯುವ ಪ್ರಶ್ನೆಯನ್ನು ಕೇಳಿ ಅವರನ್ನು ಆ ಇಕ್ಕಟ್ಟಿಗೆ ತಳ್ಳಿದವರು ನಾವು. ಅಲ್ಲಿಂದ ಮುಂದೆ ನಮ್ಮ ಅಭ್ಯಾಸವೆಲ್ಲ ‘ಇಲ್ಲ’ ಎನ್ನುವುದನ್ನು ಸುಲಭಗೊಳಿಸುವ ಪ್ರಶ್ನೆಗಳ ಸುತ್ತ ನಡೆಯಿತು: ‘ಈ ಮಾತ್ರೆಯನ್ನು ಅನೇಕರು ನಡುವೆ ಬಿಡುತ್ತಾರೆ, ನಿಮಗೆ ಎಷ್ಟು ದಿನ ತಪ್ಪಿತು?’, ‘ಮನೆಗೆ ಹೋಗಿ ಮಗಳಿಗೆ ಇದನ್ನು ಹೇಗೆ ಹೇಳುವಿರಿ?’ ದುಭಾಷಿ ಪಕ್ಕದಲ್ಲಿ ಕುಳಿತಿದ್ದರೂ ರೋಗಿಯ ಮುಖವನ್ನೇ ನೋಡಿ ಮಾತನಾಡುವುದನ್ನು ಪ್ರತಿಯೊಬ್ಬರಿಂದಲೂ ಹಲವು ಸಲ ಮಾಡಿಸಿದೆ. ಮಕ್ಕಳನ್ನು ದುಭಾಷಿಯಾಗಿ ಬಳಸುವುದನ್ನು ಪೂರ್ತಿ ನಿಲ್ಲಿಸಿದೆವು.

ಹೆಸರಿನ ವಿಷಯವನ್ನು ನಾನು ಸಣ್ಣದೆಂದುಕೊಂಡಿದ್ದೆ. ಕರೆನ್ನರಿಗೆ ಮನೆತನದ ಹೆಸರಿಲ್ಲ. ಸ್ಗಾ ಕರೆನ್ನರಲ್ಲಿ ಹೆಂಗಸರ ಹೆಸರಿನ ಮುಂದೆ ‘ನಾ’ ಎಂದೂ ಗಂಡಸರ ಹೆಸರಿನ ಮುಂದೆ ‘ಸಾ’ ಎಂದೂ ಸೇರಿಸುವುದು ನಾವು ‘ಶ್ರೀಮತಿ’, ‘ಶ್ರೀ’ ಎನ್ನುವ ಹಾಗೆ. ವಲಸೆ ಕಾಗದಗಳಲ್ಲಿ ಅದೇ ಮೊದಲ ಹೆಸರಾಗಿ ನಮೂದಾಗಿದ್ದರಿಂದ, ಕೌಂಟರಿನಿಂದ ‘ನಾ’ ಎಂದು ಕೂಗಿದರೆ ನಾಲ್ವರು ಹೆಂಗಸರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಹುಟ್ಟಿದ ದಿನ ಗೊತ್ತಿಲ್ಲದ ಅನೇಕರಿಗೆ ಜನವರಿ 1ನ್ನೇ ಬರೆದಿರುವುದರಿಂದ, ಹೆಸರು ಮತ್ತು ಜನ್ಮದಿನ ಹೊಂದಿದರೆ ರೋಗಿ ಅವರೇ ಎಂದು ನಂಬುವ ನಮ್ಮ ಪದ್ಧತಿ ಇಲ್ಲಿ ಅಪಾಯಕಾರಿ. ನಾವು ವಿಳಾಸವನ್ನೂ ಭಾವಚಿತ್ರವನ್ನೂ ಸೇರಿಸಿ ನೋಡತೊಡಗಿದೆವು. ‘ಯಾವ ದೇಶ?’ ಎಂಬುದರ ಕೆಳಗೆ ‘ಮನೆಯಲ್ಲಿ ಆಡುವ ಭಾಷೆ ಯಾವುದು?’ ಎಂಬ ಪ್ರಶ್ನೆಯನ್ನು ಸೇರಿಸಿದ್ದೂ ಆಗಲೇ.

ಬಾಣಂತಿಯರ ವಿಷಯಕ್ಕೆ ಬಂದಾಗ ತರಬೇತಿಯನ್ನು ನಡೆಸಿದ್ದು ನಾನಲ್ಲ, ಮೇ ಲಾ ಶಿಬಿರದಿಂದ ಬಂದ, ಮೂರು ಮಕ್ಕಳ ತಾಯಿಯಾದ ಕರೆನ್ ಮಹಿಳೆಯೊಬ್ಬರು. ಅವರಿಗೂ ನನ್ನಷ್ಟೇ ಗಂಟೆಯ ಸಂಭಾವನೆ ಕೊಡಬೇಕೆಂದು ನಾನು ಪಟ್ಟು ಹಿಡಿದೆ, ಏಕೆಂದರೆ ತಿಳಿವಳಿಕೆಯನ್ನು ಪುಕ್ಕಟೆ ಪಡೆದು ಗೌರವದ ಪಾಠ ಹೇಳುವುದು ನನಗೆ ಒಗ್ಗದ ಸಂಗತಿ. ಹೆರಿಗೆಯಾಗಿ ಒಂದು ಗಂಟೆಯಲ್ಲಿ ದಾದಿ ತಂದಿಟ್ಟ ಐಸ್ ನೀರಿನ ಜಗ್ಗನ್ನು ಅವರು ಹಾಗೆಯೇ ಕರಗಲು ಬಿಟ್ಟು, ಬಾಯಾರಿಕೆಯಲ್ಲೇ ಮಲಗಿದ್ದನ್ನು ಹೇಳಿದಾಗ ನನಗೆ ನಮ್ಮ ಮನೆಯ ಬಾಣಂತಿ ಕೋಣೆ, ಹಂಡೆಯ ಬಿಸಿನೀರು, ಕಿವಿಗೆ ಕಟ್ಟಿದ ಬಟ್ಟೆ ಕಣ್ಣಮುಂದೆ ಬಂದವು. ಅಂದಿನಿಂದ ನಮಗೆ ಪರಿಚಯವಿದ್ದ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಡುವ ರೂಢಿಯಾಯಿತು. ಆದರೆ ಪಥ್ಯವೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಕೆಂದು ನಾನು ಹೇಳಲಾರೆ. ಥಾಯ್ ಗಡಿಯ ಕರೆನ್ ಶಿಬಿರಗಳಲ್ಲಿ ಒಂದು ಕಾಲಕ್ಕೆ ಹಸುಗೂಸುಗಳು ಬೆರಿಬೆರಿಯಿಂದ ಸತ್ತಿವೆ, ಪಾಲಿಶ್ ಮಾಡಿದ ಅಕ್ಕಿಯ ಜೊತೆಗೆ ತಾಯಂದಿರ ಪಥ್ಯದ ಆಹಾರದಲ್ಲಿ ಬಿ1 ಜೀವಸತ್ವದ ಕೊರತೆಯಿದ್ದುದು ಇದಕ್ಕೆ ಕಾರಣ. ಆದ್ದರಿಂದ ಬಾಣಂತಿ ಏನನ್ನು ಬಿಟ್ಟಿದ್ದಾಳೆಂಬುದರ ಜೊತೆಗೆ ಏನನ್ನು ಉಣ್ಣುತ್ತಾಳೆಂಬುದನ್ನೂ ಕೇಳಿ, ಅವಳ ಪಥ್ಯದೊಳಗೇ ಪೋಷಣೆಯ ದಾರಿಯನ್ನು ಹುಡುಕಲು ಕಲಿಸಿದೆವು.

‘ಮಗುವಿಗೆ ಬೇರೆ ಔಷಧಿ ಕೊಡುತ್ತಿದ್ದೀರಾ?’ ಎಂಬ ಪ್ರಶ್ನೆಯನ್ನೂ ಕೈಬಿಟ್ಟೆವು. ಬಜೆ ತೇದು ನೆಕ್ಕಿಸುವ ನಮ್ಮ ಅಜ್ಜಿ ಅದನ್ನು ಔಷಧಿಯೆಂದು ಎಂದಾದರೂ ವೈದ್ಯರಿಗೆ ಹೇಳಿದ್ದುಂಟೇ? ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್‌ನಲ್ಲಿ 2009ರಲ್ಲಿ ಬರ್ಮಾ ಮೂಲದ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿದ್ದುದನ್ನು ತನಿಖೆ ಮಾಡಿದಾಗ, ಜೀರ್ಣಕ್ಕೆಂದು ಕೊಡುವ ‘ಡಾ ಟ್ವೇ’ ಎಂಬ ಮನೆಮದ್ದಿನಲ್ಲಿ ಸೀಸ ಮತ್ತು ಆರ್ಸೆನಿಕ್ ಪತ್ತೆಯಾಗಿದ್ದವು. ‘ಹೊಟ್ಟೆ ಉಬ್ಬರಿಸಿದರೆ ಅಜ್ಜಿ ಏನು ಕೊಡುತ್ತಾರೆ?’ ಎಂದು ಕೇಳಿದರೆ ತಾಯಂದಿರು ಪೊಟ್ಟಣವನ್ನೇ ತಂದು ತೋರಿಸುತ್ತಾರೆ.

ಎಲೆ-ಅಡಿಕೆಯ ಕೆಂಪು ಉಗುಳನ್ನು ಕಂಡು ಸಹೋದ್ಯೋಗಿಯೊಬ್ಬರು ರಕ್ತವಾಂತಿಯೆಂದು ಗಾಬರಿಯಾದಾಗ ಅವರನ್ನು ಸಮಾಧಾನಪಡಿಸಿದವಳು, ಅಡಿಕೆ ತೋಟದ ಮನೆಯಲ್ಲಿ ಬೆಳೆದ ನಾನು. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಪ್ರಕಟಿಸಿದೆ, ಬಾಯಿಯ ಪರೀಕ್ಷೆಯನ್ನು ನಾವು ಬಿಡುವಂತಿಲ್ಲ. ಆದರೆ ಬಂದವರಿಗೆ ತಾಂಬೂಲ ಕೊಡುವ ಮನೆಯಲ್ಲಿ ಅದು ಬರೀ ಚಟವಲ್ಲ ಎಂಬುದನ್ನು ಬಲ್ಲವರು ಹೇಳುವ ಎಚ್ಚರಿಕೆಗೆ ಬೇರೆಯೇ ದನಿಯಿರುತ್ತದೆ.

ಕಳೆದ ಚಳಿಗಾಲದಲ್ಲಿ, ನೆತ್ತಿ ಮುಟ್ಟದೆ ಬಿಟ್ಟಿದ್ದ ಅದೇ ದಾದಿ ವೃದ್ಧೆಯೊಬ್ಬರನ್ನು ಶಸ್ತ್ರಚಿಕಿತ್ಸೆಗೆ ಸಿದ್ಧಪಡಿಸುತ್ತಿದ್ದಳು. ಮಣಿಕಟ್ಟಿನಲ್ಲಿ ಮಾಸಿದ ಬಿಳಿ ದಾರವಿತ್ತು, ದೇಹದಿಂದ ಅಲೆದುಹೋದ ‘ಕ್‌ಲಾ’ವನ್ನು, ಅಂದರೆ ಪ್ರಾಣವನ್ನು, ಮರಳಿ ಕರೆದು ಆಗಸ್ಟ್ ತಿಂಗಳಲ್ಲಿ ಹಿರಿಯರು ಕಟ್ಟುವ ದಾರವದು. ಕತ್ತರಿ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಕೆಳಗಿಟ್ಟು, ದುಭಾಷಿಯ ಮೂಲಕ, ‘ಇದನ್ನು ಏನು ಮಾಡಿದರೆ ನಿಮಗೆ ಸರಿ?’ ಎಂದು ಕೇಳಿದಳು. ವೃದ್ಧೆ ಬಹಳ ಹೊತ್ತು ಸುಮ್ಮನಿದ್ದು, ‘ಕತ್ತರಿಸುವುದು ಬೇಡ’ ಎಂದರು. ದಾರದ ಮೇಲೆ ಪಾರದರ್ಶಕ ಪಟ್ಟಿಯನ್ನು ಅಂಟಿಸಿ ಅವರನ್ನು ಒಳಗೆ ಕರೆದೊಯ್ದರು.