ಚಿಕ್ಕ ಮಕ್ಕಳೊಂದಿಗೆ ಶಿರಸಿಯಿಂದ ಕಾರವಾರಕ್ಕೆ ಎರಡು ದಿನ

ಘಟ್ಟದ ಮೇಲಿನ ಮನೆಗಳಲ್ಲಿ ಕಾರವಾರವೆಂದರೆ ಜಿಲ್ಲಾ ಕಚೇರಿಯ ಕೆಲಸ; ಕಾಗದಪತ್ರ ಹಿಡಿದು ಬೆಳಿಗ್ಗೆ ಹೋಗಿ, ಆದಷ್ಟು ಬೇಗ ಮರಳಿ ಬರುವ ಊರು ಅದು. ಆದರೆ ಏಳೆಂಟು ವರ್ಷದೊಳಗಿನ ಮಕ್ಕಳನ್ನು ಮೊದಲ ಬಾರಿಗೆ ಒಂದು ಪಟ್ಟಣಕ್ಕೆ ಕರೆದೊಯ್ದು, ಒಂದು ರಾತ್ರಿ ಉಳಿದು ಬರಬೇಕೆನ್ನುವ ಕುಟುಂಬಕ್ಕೆ ಅಷ್ಟು ಅನುಕೂಲವಾದ ಊರು ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಡಲತೀರ, ಯುದ್ಧನೌಕೆ, ವಿಮಾನ, ಊಟದ ಹೋಟೆಲು, ವಸತಿಗೃಹ ಎಲ್ಲವೂ ಹತ್ತಿರ ಹತ್ತಿರದಲ್ಲೇ ಇರುವುದರಿಂದ, ಮಗು ಹಟ ಹಿಡಿದ ಕೂಡಲೇ ಕೋಣೆಗೆ ಮರಳುವುದು ಇಲ್ಲಿ ಸಾಧ್ಯ.

ಯೋಜನೆ ಹಾಕುವಾಗ ನೋಡುವ ಸ್ಥಳಗಳ ಪಟ್ಟಿಯಿಂದ ಆರಂಭಿಸದೆ, ಮಗು ಮನೆಯಲ್ಲಿ ಎಷ್ಟು ಗಂಟೆಗೆ ಉಣ್ಣುತ್ತದೆ, ಎಷ್ಟು ಗಂಟೆಗೆ ಮಲಗುತ್ತದೆ ಎಂಬುದರಿಂದ ಆರಂಭಿಸಬೇಕು. ಆ ವೇಳೆಗಳನ್ನು ಹಾಗೆಯೇ ಉಳಿಸಿಕೊಂಡು, ಬೆಳಿಗ್ಗೆ ಒಂದು, ಸಂಜೆ ಒಂದು ಎಂಬಂತೆ ಸ್ಥಳಗಳನ್ನು ಆರಿಸಿಕೊಂಡರೆ ಸಾಕು. ನಮ್ಮಲ್ಲಿ ಒಂದು ಚಾಳಿಯಿದೆ: ಹೇಗೂ ಘಟ್ಟ ಇಳಿದಿದ್ದೇವೆ, ಗೋಕರ್ಣ, ಮುರುಡೇಶ್ವರಗಳನ್ನೂ ಮುಗಿಸಿಕೊಂಡು ಹೋಗೋಣ ಎನ್ನುವುದು. ಕುಮಟಾದಿಂದ ಕಾರವಾರ ಉತ್ತರಕ್ಕಿದ್ದರೆ ಮುರುಡೇಶ್ವರ ದಕ್ಷಿಣಕ್ಕಿದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿದರೆ ಮಕ್ಕಳ ಪಾಲಿಗೆ ಉಳಿಯುವುದು ಬಸ್ಸಿನ ಸೀಟು ಮಾತ್ರ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮಾರ್ಚ್ ದಾಟಿದರೆ ಶಿರಸಿಯ ಹವೆಗೆ ಒಗ್ಗಿದ ಮಕ್ಕಳಿಗೆ ಕರಾವಳಿಯ ಸೆಕೆ ತಡೆಯುವುದಿಲ್ಲ. ಮೈಮೇಲೆ ಬೆವರುಸಾಲೆ ಎದ್ದು ರಾತ್ರಿಯಿಡೀ ಅಳುತ್ತವೆ. ಮಳೆಗಾಲದಲ್ಲಂತೂ ಹೋಗಲೇಬಾರದು. ಕಡಲಿಗೆ ಇಳಿಯುವಂತಿರುವುದಿಲ್ಲ ಎಂಬುದು ಒಂದು ಕಾರಣವಾದರೆ, ದಾರಿಯೇ ನಂಬಿಕೆಗೆ ಅರ್ಹವಲ್ಲ ಎಂಬುದು ಇನ್ನೂ ದೊಡ್ಡ ಕಾರಣ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಕುಮಟಾದಿಂದ ಕಾರವಾರಕ್ಕೆ ಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ.

ಪ್ರಯಾಣದ ಕಷ್ಟವೆಲ್ಲ ಮೊದಲ ಭಾಗದಲ್ಲಿದೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ನಡುವೆ ದೇವಿಮನೆ ಘಟ್ಟದ ತಿರುವುಗಳು. ಅಗಲೀಕರಣಕ್ಕಾಗಿ ಈ ರಸ್ತೆ ಈಚಿನ ವರ್ಷಗಳಲ್ಲಿ ಆಗಾಗ ಬಂದ್ ಆಗಿರುವುದರಿಂದ, ಹಿಂದಿನ ದಿನವೇ ಬಸ್ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಬೇಕು. ಹೊರಡುವ ಮುನ್ನ ಮಕ್ಕಳಿಗೆ ಹೊಟ್ಟೆ ತುಂಬ ಹಾಲು ಕುಡಿಸುವುದು ಬೇಡ. ಎರಡು ತೆಳ್ಳೇವು ಅಥವಾ ಸ್ವಲ್ಪ ಅವಲಕ್ಕಿ ಸಾಕು, ಉಳಿದದ್ದನ್ನು ಘಟ್ಟ ಇಳಿದ ಮೇಲೆ ತಿನ್ನಿಸಬಹುದು. ಬಸ್ಸಿನ ಹಿಂದಿನ ಸೀಟುಗಳನ್ನು ಬಿಟ್ಟು ಮುಂಭಾಗದಲ್ಲಿ ಕುಳಿತು, ಕಿಟಕಿ ತೆರೆದಿಟ್ಟು, ಮಗುವಿನ ಕೈಗೆ ಮೊಬೈಲ್ ಕೊಡದೆ ಎದುರಿನ ರಸ್ತೆ ತೋರಿಸುತ್ತ ಹೋದರೆ ತಲೆಸುತ್ತು ಕಡಿಮೆಯಾಗುತ್ತದೆ. ದೊಡ್ಡವರ ವಾಂತಿಮಾತ್ರೆಯನ್ನು ಅರ್ಧ ಮುರಿದು ಮಕ್ಕಳಿಗೆ ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಅದನ್ನು ಬಿಟ್ಟು, ಮಗುವಿನ ತೂಕಕ್ಕೆ ತಕ್ಕ ಔಷಧವನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು. ಪ್ಲಾಸ್ಟಿಕ್ ಚೀಲ, ಒದ್ದೆ ಬಟ್ಟೆ ಮತ್ತು ಒಂದು ಜೊತೆ ಅಂಗಿಚಡ್ಡಿ ಕೈಚೀಲದಲ್ಲಿರಲಿ, ಡಿಕ್ಕಿಗೆ ಹಾಕಿದ ಗಂಟಿನಲ್ಲಲ್ಲ.

ಕುಮಟಾದಿಂದ ಮುಂದಕ್ಕೆ ಬಸ್ಸೂ ಇದೆ, ಕೊಂಕಣ ರೈಲ್ವೆಯೂ ಇದೆ. ಶಿರಸಿಯ ಮಕ್ಕಳಿಗೆ ಊರಿನಲ್ಲಿ ರೈಲು ನೋಡಲು ಸಿಗುವುದಿಲ್ಲವಾದ್ದರಿಂದ, ಸಮಯ ಹೊಂದಿದರೆ ಇಲ್ಲಿ ರೈಲು ಹತ್ತುವುದೇ ಅರ್ಧ ಪ್ರವಾಸದಷ್ಟು ಖುಷಿ ಕೊಡುತ್ತದೆ. ಸುರಂಗ ಬಂದಾಗ ಬೋಗಿಯೆಲ್ಲ ಕತ್ತಲಾಗಿ ಮತ್ತೆ ಬೆಳಕಾಗುವುದನ್ನು ಅವು ಮುಂದೆ ಎಷ್ಟೋ ದಿನ ಹೇಳುತ್ತಿರುತ್ತವೆ. ಆದರೆ ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ಅಲ್ಲಿಂದ ಊರೊಳಕ್ಕೆ ರಿಕ್ಷಾ ಹಿಡಿಯಬೇಕು. ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಕೇಳದಿದ್ದರೆ ಟಿಕೆಟ್ ಬೇಡ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಆರು ವರ್ಷದವರೆಗೆ ಉಚಿತ, ಹನ್ನೆರಡರವರೆಗೆ ಅರ್ಧ ಟಿಕೆಟ್. ಶಕ್ತಿ ಯೋಜನೆಯ ಪ್ರಯಾಣಕ್ಕೆ ಮಹಿಳೆಯರು ಗುರುತಿನ ಚೀಟಿ ಇಟ್ಟುಕೊಂಡಿರಬೇಕು.

ವಸತಿಗೃಹವನ್ನು ಪೇಟೆಯ ನಡುವೆ, ಕಡಲಿಗೆ ನಡೆದು ಹೋಗುವಷ್ಟು ಸಮೀಪದಲ್ಲಿ ಆರಿಸಿಕೊಳ್ಳಬೇಕು. ಊರಿಗೂ ಕಡಲಿಗೂ ನಡುವೆ ಹೆದ್ದಾರಿ ಹಾದುಹೋಗುವುದರಿಂದ ದಾಟುವಾಗ ಮಕ್ಕಳನ್ನು ಎತ್ತಿಕೊಳ್ಳುವುದೇ ಲೇಸು. ಕೋಣೆಗೆ ಒಪ್ಪುವ ಮೊದಲು ಕಿಟಕಿಗೆ ಸೊಳ್ಳೆಪರದೆ ಇದೆಯೇ, ಬಾಲ್ಕನಿಯ ಕಂಬಿಗಳ ನಡುವೆ ಮಗುವಿನ ತಲೆ ತೂರುವಷ್ಟು ಅಂತರವಿದೆಯೇ ಎಂದು ಖುದ್ದಾಗಿ ನೋಡಿ. ಊಟಕ್ಕೆ ತೊಂದರೆಯಿಲ್ಲ, ಇಲ್ಲಿಯ ಮೀನುಸಾರು ಮಕ್ಕಳಿಗೆ ಖಾರವಾಗುತ್ತದೆ, ಆದರೆ ಸಸ್ಯಾಹಾರದ ಹೋಟೆಲುಗಳಲ್ಲಿ ಅನ್ನಕ್ಕೆ ತೊವ್ವೆ, ಮಜ್ಜಿಗೆ ಕೇಳಿ ಪಡೆಯಬಹುದು. ಅಂಗಡಿಯವರು ಮಗುವನ್ನು ಕೊಂಕಣಿಯಲ್ಲೇ ಮಾತನಾಡಿಸಿದರೆ ಅದು ಪಿಳಿಪಿಳಿ ನೋಡುವುದೂ ಪ್ರವಾಸದ ಒಂದು ಭಾಗವೇ.

ಮೊದಲ ದಿನ ಮಧ್ಯಾಹ್ನ ಮಲಗಿಸಿ, ನಾಲ್ಕು ಗಂಟೆಯ ನಂತರ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೊರಡುವುದು ಸರಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಕವಿ ಬಂದು ಉಳಿದದ್ದರಿಂದ ತೀರಕ್ಕೆ ಆ ಹೆಸರು. ಕಡಲು ದಿನಕ್ಕೆ ಎರಡು ಬಾರಿ ಉಕ್ಕಿ ಎರಡು ಬಾರಿ ಇಳಿಯುತ್ತದೆ, ಆ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇಳಿತದ ಹೊತ್ತು ಯಾವುದೆಂದು ಮೀನುಗಾರರನ್ನು ಕೇಳಿದರೆ ತಿಳಿಯುತ್ತದೆ. ಆಗ ಗಟ್ಟಿಯಾದ ಒದ್ದೆ ಮರಳು ಅಗಲವಾಗಿ ತೆರೆದುಕೊಂಡಿರುತ್ತದೆ. ಪುಟ್ಟ ಏಡಿಗಳು ಬಿಲದಿಂದ ಮರಳಿನ ಗುಂಡುಗಳನ್ನು ಹೊರಹಾಕುವುದನ್ನು ನೋಡುತ್ತ ಮಗು ಅರ್ಧ ಗಂಟೆ ಕುಕ್ಕರಗಾಲಿನಲ್ಲಿ ಕೂತರೆ ಎಬ್ಬಿಸಬೇಡಿ. ನೀರಿಗಿಳಿಯುವಾಗ ಒಬ್ಬ ಮಗುವಿಗೆ ಒಬ್ಬ ದೊಡ್ಡವರ ಕೈ ಎಂಬ ನಿಯಮ ತಪ್ಪಬಾರದು. ನೀರು ಮಗುವಿನ ಮೊಣಕಾಲು ದಾಟಬಾರದು. ಉತ್ತರದ ತುದಿಯಲ್ಲಿ, ಕಾಳಿ ನದಿ ಕಡಲಿಗೆ ಸೇರುವ ಕಡೆ, ಸೆಳೆತವಿರುವುದರಿಂದ ಅತ್ತ ಹೋಗಲೇಬಾರದು. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತದೆ. ಜನ ಹೆಚ್ಚುವ ಹೊತ್ತೂ ಅದೇ. ಮಕ್ಕಳಿಗೆ ಎದ್ದು ಕಾಣುವ ಬಣ್ಣದ ಅಂಗಿ ತೊಡಿಸಿ, ಜೇಬಿನಲ್ಲಿ ಫೋನ್ ಸಂಖ್ಯೆ ಬರೆದ ಚೀಟಿ ಇಡಿ.

ಎರಡನೆಯ ದಿನ ಬೆಳಿಗ್ಗೆ ತೀರದಲ್ಲೇ ಇರುವ ಐಎನ್ಎಸ್ ಚಪಲ್ ಯುದ್ಧನೌಕೆ ಸಂಗ್ರಹಾಲಯಕ್ಕೆ, ಬಾಗಿಲು ತೆರೆಯುವ ವೇಳೆಗೇ ಹೋಗಬೇಕು. ಬಿಸಿಲೇರಿದ ಮೇಲೆ ಕಬ್ಬಿಣದ ಒಡಲು ಕಾಯುತ್ತದೆ. ಒಳಗಿನ ಕೋಣೆಗಳು ಕಿರಿದು, ಏಣಿಗಳು ಕಡಿದು. ಮಗುವಿಗಿಂತ ಮೊದಲು ಒಬ್ಬರು ಇಳಿದು ನಿಂತು, ಇನ್ನೊಬ್ಬರು ಮೇಲಿನಿಂದ ಇಳಿಸಬೇಕು. ಪಕ್ಕದಲ್ಲೇ ನಿಂತಿರುವ ಟಿಯು-142 ವಿಮಾನ 2017ರವರೆಗೆ ನೌಕಾಪಡೆಯ ಸೇವೆಯಲ್ಲಿದ್ದ ಮಾದರಿ. ಅದರ ಪ್ರೊಪೆಲ್ಲರುಗಳನ್ನು ಎಣಿಸಲು ಮಕ್ಕಳಿಗೆ ಹೇಳಿ: ನಾಲ್ಕು ಎಂದು ಕೂಗುತ್ತವೆ, ಹತ್ತಿರ ಹೋದಾಗ ಒಂದೊಂದು ಎಂಜಿನ್ನಿಗೂ ಹಿಂದೆ ಮುಂದೆ ಎರಡೆರಡಿರುವುದು ಕಂಡು ಎಂಟಕ್ಕೆ ಬರುತ್ತವೆ.

ಬೆಳಿಗ್ಗೆ ಬೇಗ ಏಳುವ ಮಕ್ಕಳಾದರೆ ಇದಕ್ಕೆ ಬದಲಾಗಿ ಬೈತಖೋಲ ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸುವುದನ್ನು ತೋರಿಸಬಹುದು. ನೆಲ ಜಾರುತ್ತದೆ, ಚಪ್ಪಲಿ ಗಟ್ಟಿಯಿರಲಿ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಕಾಳಿ ಸೇತುವೆಯಾಚೆಯ ಸದಾಶಿವಗಡವೂ ಆಗುತ್ತದೆ. ನಮ್ಮ ಸೋದೆಯ ಅರಸರು ಕಟ್ಟಿಸಿದ ಕೋಟೆ ಅದು ಎಂದರೆ, ಸೋದೆಯನ್ನು ನೋಡಿರುವ ಮಕ್ಕಳಿಗೆ ಹತ್ತಲು ಹುಮ್ಮಸ್ಸು ಬರುತ್ತದೆ. ಮೂರರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ.

ಮರಳುವ ಬಸ್ಸು ಊಟವಾದ ಕೂಡಲೇ ಹೊರಡುವಂಥದ್ದಾಗಿರಲಿ. ಅಂಕೋಲಾ ದಾಟುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗುತ್ತವೆ, ಕತ್ತಲಾಗುವ ಮೊದಲೇ ದೇವಿಮನೆ ಏರಿ ಮುಗಿದಿರುತ್ತದೆ. ಶುಕ್ರವಾರ ಹೊರಟು ಶನಿವಾರ ಮರಳಿದರೆ ಸೋಮವಾರದ ಶಾಲೆಗೆ ಮುನ್ನ, ಮರಳು ತುಂಬಿದ ಬಟ್ಟೆ ಒಗೆಯುವುದಕ್ಕೂ ಮಕ್ಕಳು ಸುಧಾರಿಸಿಕೊಳ್ಳುವುದಕ್ಕೂ ಒಂದು ಭಾನುವಾರ ಉಳಿಯುತ್ತದೆ.